ಬೇಗ ಬಂದ ಚಳಿಯಲ್ಲಿ ಹಳೆಯ ಕಿಟಕಿಯ ದುರಸ್ತಿ

ಶರತ್ಕಾಲ ಇನ್ನೂ ಸರಿಯಾಗಿ ಕಾಲೂರಿಲ್ಲ, ಅಷ್ಟರಲ್ಲೇ ಚಳಿ ಬಂದುಬಿಟ್ಟಿದೆ. ಆಕಾಶದಲ್ಲಿ ಮೋಡದ ಚೂರೂ ಇಲ್ಲ, ಗಾಳಿ ನಿಂತಿದೆ. ಕತ್ತಲಾಗುತ್ತಿದ್ದ ಹಾಗೆ ಉಷ್ಣಮಾಪಕದ ಗೆರೆ ಸರಸರ ಇಳಿಯುತ್ತಿದೆ. ಮೋಡ ಇದ್ದ ರಾತ್ರಿ ನೆಲ ಹೊರಬಿಟ್ಟ ಶಾಖದ ಒಂದು ಪಾಲು ಮೋಡಕ್ಕೆ ತಾಗಿ ವಾಪಸ್ ಬರುತ್ತದೆ. ಮೋಡ ಇಲ್ಲದ ರಾತ್ರಿ ಅದು ನೇರ ಆಕಾಶದ ಪಾಲು. ಹೀಗಾಗಿ ಹಗಲು ಅಂಗಿ ತೋಳು ಮಡಚಿಕೊಳ್ಳುವಷ್ಟು ಬಿಸಿಲಿದ್ದರೂ ಬೆಳಗಿನ ಜಾವ ಕಂಬಳಿ ಹುಡುಕಬೇಕಾಗುತ್ತದೆ.

ಮುಂದಿನ ಕೋಣೆಯ ಮರದ ಕಿಟಕಿಯನ್ನು ರಿಪೇರಿ ಮಾಡಲು ಇದಕ್ಕಿಂತ ಒಳ್ಳೆಯ ಸಮಯ ಸಿಗುವುದಿಲ್ಲ. ಕಡು ಚಳಿಗಾಲದಲ್ಲಿ ಗೋಡೆ, ನೆಲ, ಗಾಜು ಎಲ್ಲವೂ ತಣ್ಣಗಾಗಿರುತ್ತವೆ. ಚಳಿ ಯಾವ ಕಡೆಯಿಂದ ಬರುತ್ತಿದೆ ಎಂದು ಕೈಗೆ ಗೊತ್ತಾಗುವುದಿಲ್ಲ. ಈಗ ಗೋಡೆಗಳಲ್ಲಿ ಬೇಸಿಗೆಯ ಬಿಸಿ ಇನ್ನೂ ಉಳಿದಿದೆ, ಕೋಣೆ ಬೆಚ್ಚಗಿದೆ. ಅದರ ನಡುವೆ ಎಲ್ಲೋ ಒಂದು ಕಡೆಯಿಂದ ತಣ್ಣನೆ ಎಳೆಯೊಂದು ಬಂದು ಕುತ್ತಿಗೆಗೆ ತಾಗಿದರೆ ಅದರ ಮೂಲವನ್ನು ಬೆರಳಿಟ್ಟು ತೋರಿಸಬಹುದು. ಜೊತೆಗೆ ಮಧ್ಯಾಹ್ನ ಬೆಚ್ಚಗಿರುವುದರಿಂದ ಅಂಟು ಒಣಗುತ್ತದೆ, ಗಾಜನ್ನು ಮರಕ್ಕೆ ಕೂರಿಸುವ ಪುಟ್ಟಿ ಮೆತ್ತಗಿರುತ್ತದೆ.

ಕಿಟಕಿಯ ವಿವರ ಇಷ್ಟು: ಎರಡು ಬಾಗಿಲು, ಹೊರಕ್ಕೆ ತೆರೆಯುವಂಥವು. ಒಂದೊಂದೂ 1.2 ಮೀಟರ್ ಎತ್ತರ, 60 ಸೆಂ.ಮೀ. ಅಗಲ. ಒಂದೇ ಪದರದ ಗಾಜು. ಒಂದೊಂದು ಬಾಗಿಲಿಗೆ ಎರಡು ಹಿಂಜು (ಬಾಗಿಲು ತಿರುಗುವ ಕೀಲು), ನಡುವೆ ಒಂದು ಚಿಲಕ. ಮರ ಗಟ್ಟಿಯಾಗಿದೆ, ಎಲ್ಲೂ ಕೊಳೆತಿಲ್ಲ. ಬಲಗಡೆಯ ಬಾಗಿಲು ಮಾತ್ರ ಜೋತುಬಿದ್ದು ಕೆಳಮೂಲೆಯಲ್ಲಿ ಉಜ್ಜುತ್ತದೆ, ಮೇಲ್ಮೂಲೆಯಲ್ಲಿ ಸಂದು ಬಿಟ್ಟಿದೆ.

ಗಾಳಿ ನುಗ್ಗುವ ಜಾಗದ ಪತ್ತೆ

ಮೊದಲ ಸುಳಿವು ಕೊಟ್ಟದ್ದು ಬೆಳಗಿನ ಗಾಜು. 20 ಡಿಗ್ರಿ ಸೆಲ್ಸಿಯಸ್‌ನ ಕೋಣೆಯಲ್ಲಿ ಸಾಪೇಕ್ಷ ಆರ್ದ್ರತೆ ಶೇ. 60 ಇದ್ದರೆ, 12 ಡಿಗ್ರಿಗಿಂತ ತಣ್ಣಗಾದ ಯಾವ ಮೇಲ್ಮೈ ಮೇಲಾದರೂ ಹನಿ ಕೂರುತ್ತದೆ. ಒಂದೇ ಪದರದ ಗಾಜು ಇಂಥ ಬೆಳಗಿನಲ್ಲಿ ಅಷ್ಟಕ್ಕೆ ಇಳಿದೇ ಇಳಿಯುತ್ತದೆ. ಎದ್ದು ನೋಡಿದರೆ ಗಾಜಿನ ತುಂಬ ಮಂಜು ಕವಿದಿತ್ತು, ಬಲ ಬಾಗಿಲಿನ ಮೇಲ್ಮೂಲೆಯಲ್ಲಿ ಮಾತ್ರ ಒಂದು ಬೀಸಣಿಗೆಯಾಕಾರದ ಜಾಗ ತಿಳಿಯಾಗಿತ್ತು. ಹೊರಗಿನ ತಣ್ಣನೆ ಗಾಳಿಯಲ್ಲಿ ನೀರಿನ ಅಂಶ ಕಡಿಮೆ. 10 ಡಿಗ್ರಿಯ ಗಾಳಿ ಪೂರ್ತಿ ತೇವ ತುಂಬಿಕೊಂಡರೂ ಒಂದು ಘನ ಮೀಟರಿಗೆ ಸುಮಾರು 9.4 ಗ್ರಾಂ ನೀರಾವಿ ಹೊರುತ್ತದೆ, 20 ಡಿಗ್ರಿಯ ಗಾಳಿ 17.3 ಗ್ರಾಂ ಹೊರಬಲ್ಲದು. ಹಾಗಾಗಿ ಹೊರಗಾಳಿ ಸವರಿಕೊಂಡು ಹೋಗುವ ಕಡೆ ಗಾಜು ಒಣಗಿರುತ್ತದೆ. ಒಂದು ಪೆನ್ಸಿಲ್ ತೆಗೆದುಕೊಂಡು ಆ ತಿಳಿಯಾದ ಜಾಗದ ಗಡಿಯನ್ನು ಚೌಕಟ್ಟಿನ ಮೇಲೆ ಗುರುತು ಮಾಡಿದೆ. ಬಿಸಿಲೇರಿದರೆ ಮಂಜು ಹೋಗುತ್ತದೆ, ಗುರುತು ಉಳಿಯುತ್ತದೆ.

ಊದಿನಕಡ್ಡಿಯ ಹೊಗೆ ಇನ್ನೂ ಖಚಿತ. ಕಡ್ಡಿಯನ್ನು ಅಂಚಿನಿಂದ ಒಂದು ಬೆರಳು ದೂರ ಹಿಡಿದು ಬಹಳ ನಿಧಾನಕ್ಕೆ ಸುತ್ತಲೂ ಸರಿಸಬೇಕು. ಪರದೆ ಮೊದಲೇ ಬಿಚ್ಚಿಟ್ಟಿರಬೇಕು. ಹೊಗೆ ನೆಟ್ಟಗೆ ಏರುತ್ತಿದ್ದರೆ ಅಲ್ಲಿ ತೊಂದರೆಯಿಲ್ಲ. ಮಲಗಿ ಒಳಕ್ಕೆ ಬಾಗಿದರೆ ಅಲ್ಲೇ ಗಾಳಿ. ಎರಡು ಬಾಗಿಲುಗಳು ಸೇರುವ ನಡುಗೆರೆಯ ಕೆಳಭಾಗದಲ್ಲಿ ಹೊಗೆ ಹೊರಕ್ಕೆ ಎಳೆದುಕೊಂಡು ಹೋಯಿತು. ಅದು ನನಗೆ ಹೊಸ ಸುದ್ದಿ. ಗಾಳಿ ಒಂದು ಕಡೆ ಒಳಬಂದರೆ ಇನ್ನೊಂದು ಕಡೆ ಹೊರಹೋಗಲೇಬೇಕು, ಒಳಬರುವ ಕಡೆ ಮಾತ್ರ ಹುಡುಕಿದರೆ ಅರ್ಧ ಕೆಲಸ.

ರಾತ್ರಿ ಟಾರ್ಚಿನ ಪರೀಕ್ಷೆ. ಇದಕ್ಕೆ ಇಬ್ಬರು ಬೇಕು. ಮಗಳು ಒಳಗೆ ದೀಪ ಆರಿಸಿ ಕೂತಳು, ನಾನು ಹೊರಗೆ ನಿಂತು ಅಂಚಿನುದ್ದಕ್ಕೂ ಟಾರ್ಚ್ ಹಿಡಿದೆ.

"ಅಮ್ಮಾ, ನಿಲ್ಲು ನಿಲ್ಲು, ಇಲ್ಲಿ ಒಂದು ಗೆರೆ ಕಾಣ್ತಿದೆ."

"ಎಷ್ಟು ಉದ್ದ ಇದೆ ನೋಡೇ?"

"ನನ್ನ ಗೇಣಿಗಿಂತ ಜಾಸ್ತಿ. ಸೀಮೆಸುಣ್ಣದಲ್ಲಿ ಬರೀಲಾ?"

ಅವಳು ಗುರುತು ಹಾಕುವವರೆಗೆ ನಾನು ಕತ್ತಲಲ್ಲಿ ಸುಮ್ಮನೆ ನಿಂತಿರಬೇಕಿತ್ತು. ಈ ಕೆಲಸಕ್ಕೆ ಇಳಿಯದಿದ್ದರೆ ಆ ಹೊತ್ತಿನಲ್ಲಿ ನಾನು ಹೊರಗೆ ಹೋಗುತ್ತಲೇ ಇರಲಿಲ್ಲ. ದೂರದ ರೈಲು ಹಿತ್ತಲಲ್ಲೇ ಹೋದಷ್ಟು ಸ್ಪಷ್ಟವಾಗಿ ಕೇಳಿಸಿತು. ಇಂಥ ರಾತ್ರಿ ನೆಲದ ಹತ್ತಿರದ ಗಾಳಿ ತಣ್ಣಗೆ, ಅದರ ಮೇಲಿನದು ಬೆಚ್ಚಗೆ ಇರುತ್ತದೆ. ಬೆಚ್ಚನೆ ಗಾಳಿಯಲ್ಲಿ ಸದ್ದಿನ ವೇಗ ಹೆಚ್ಚು. ಹಾಗಾಗಿ ಮೇಲಕ್ಕೆ ಹೋಗಬೇಕಾದ ಸದ್ದು ಬಾಗಿ ಮತ್ತೆ ನೆಲದ ಕಡೆಗೇ ಬರುತ್ತದೆ. ಬೇಸಿಗೆಯ ಹಗಲಲ್ಲಿ ಇದೇ ರೈಲು ಕೇಳಿಸುವುದೇ ಇಲ್ಲ.

ಜೀರುಂಡೆಗಳೂ ಇದ್ದವು, ಆದರೆ ಬಹಳ ನಿಧಾನ. ಅವುಗಳ ದೇಹದ ಬಿಸಿ ಹೊರಗಿನ ಗಾಳಿಯನ್ನೇ ಅವಲಂಬಿಸಿದೆ, ಚಳಿ ಏರಿದಷ್ಟೂ ಚಿರಿಚಿರಿ ತಡವಾಗುತ್ತದೆ. ಅಮೆರಿಕದ ಭೌತವಿಜ್ಞಾನಿ ಅಮೋಸ್ ಡಾಲ್ಬೇರ್ 1897ರಲ್ಲಿ ಇದಕ್ಕೊಂದು ಸೂತ್ರವನ್ನೇ ಕೊಟ್ಟರು: 15 ಸೆಕೆಂಡಿನಲ್ಲಿ ಕೇಳಿದ ಕೂಗುಗಳಿಗೆ 40 ಸೇರಿಸಿದರೆ ಸರಿಸುಮಾರು ಫ್ಯಾರನ್‌ಹೀಟ್ ಉಷ್ಣಾಂಶ. 28 ಕೂಗು ಎಂದರೆ 68 ಡಿಗ್ರಿ, ಅಂದರೆ 20 ಸೆಲ್ಸಿಯಸ್. 10 ಕೂಗು ಎಂದರೆ 10 ಸೆಲ್ಸಿಯಸ್. ಜಾತಿಯಿಂದ ಜಾತಿಗೆ ಲೆಕ್ಕ ಬೇರೆಯಾಗುತ್ತದೆ, ಆದರೂ ಒಂದೇ ಮೂಲೆಯ ಒಂದೇ ಜೀರುಂಡೆಯನ್ನು ದಿನಾ ಎಣಿಸಿದರೆ ಚಳಿಯ ಏರಿಳಿತ ಕಿವಿಗೇ ಸಿಗುತ್ತದೆ. ಮಗಳಿಗೆ ಇದು ಹಿಡಿಸಿಬಿಟ್ಟಿದೆ. ಮಲಗುವ ಮುಂಚೆ ಎಣಿಸಿ ಗೋಡೆಯ ಕ್ಯಾಲೆಂಡರಿನಲ್ಲಿ ಬರೆದಿಡುತ್ತಾಳೆ.

ಸಂದಿನ ಅಳತೆಗೆ ಬ್ಯಾಂಕ್ ಕಾರ್ಡು ಸಾಕು, ಅದರ ದಪ್ಪ 0.76 ಮಿ.ಮೀ. ಬಲ ಬಾಗಿಲಿನ ಮೇಲ್ಮೂಲೆಯಲ್ಲಿ ಮೂರು ಕಾರ್ಡು ಒಟ್ಟಿಗೆ ತೂರುತ್ತಿದ್ದವು, ಉಳಿದ ಕಡೆ ಒಂದೋ ಎರಡೋ. ಸರಾಸರಿ ಒಂದೂವರೆ ಮಿ.ಮೀ. ಎಂದಿಟ್ಟುಕೊಂಡರೂ, ಒಂದು ಬಾಗಿಲಿನ ಸುತ್ತಳತೆ 3.6 ಮೀಟರ್, ಅಂದರೆ ಸಂದಿನ ಒಟ್ಟು ವಿಸ್ತೀರ್ಣ 54 ಚದರ ಸೆಂ.ಮೀ. ಗಾಜಿನಲ್ಲಿ 8 ಸೆಂ.ಮೀ. ಅಗಲದ ದುಂಡನೆ ತೂತು ಕೊರೆದಿಟ್ಟರೂ ಹೆಚ್ಚುಕಮ್ಮಿ ಅಷ್ಟೇ ಜಾಗ. ಅಂಥ ತೂತು ಕಂಡರೆ ಯಾರೂ ಒಂದು ದಿನ ಬಿಡುವುದಿಲ್ಲ. ಅದೇ ತೂತು ಅಂಚಿನುದ್ದಕ್ಕೂ ಹರಡಿಕೊಂಡಿದೆ ಎನ್ನುವ ಕಾರಣಕ್ಕೆ ವರ್ಷಗಟ್ಟಲೆ ಕಣ್ಣಿಗೆ ಬೀಳುವುದಿಲ್ಲ.

ಕೀಸುಳಿ ಕಡೆಗೆ, ಹಿಂಜು ಮೊದಲಿಗೆ

ಬಾಗಿಲು ಉಜ್ಜುತ್ತದೆ ಎಂದ ಕೂಡಲೇ ಮರ ಹೆರೆಯುವ ಕೀಸುಳಿ ಕೈಗೆತ್ತಿಕೊಳ್ಳುವುದು ಎಲ್ಲರ ಅಭ್ಯಾಸ. ಈ ಕಾಲದಲ್ಲಿ ಹಾಗೆ ಮಾಡಬಾರದು, ಅದರ ಬಗ್ಗೆ ನನಗೆ ಗಟ್ಟಿಯಾದ ಅಭಿಪ್ರಾಯವಿದೆ. ತೇವದ ತಿಂಗಳುಗಳು ಈಗಷ್ಟೇ ಮುಗಿದಿವೆ, ಮರ ನೀರಾವಿ ಹೀರಿಕೊಂಡು ಉಬ್ಬಿ ನಿಂತಿದೆ. ಮರ ತನ್ನ ಉದ್ದದಲ್ಲಿ ಹೆಚ್ಚುಕಮ್ಮಿ ಬದಲಾಗುವುದೇ ಇಲ್ಲ, ಅಗಲದಲ್ಲಿ ಮಾತ್ರ ಹಿಗ್ಗಿ ಕುಗ್ಗುತ್ತದೆ. ಬಾಗಿಲಿನ ಪಕ್ಕದಲ್ಲಿ ಉದ್ದಕ್ಕೆ ನಿಲ್ಲುವ, 7 ಸೆಂ.ಮೀ. ಅಗಲದ ನಿಲುವುಪಟ್ಟಿಯೊಂದರ ತೇವಾಂಶ ಶೇ. 4ರಷ್ಟು ಇಳಿದರೆ ಅದು ಅರ್ಧ ಮಿ.ಮೀ.ಗೂ ಹೆಚ್ಚು ಕುಗ್ಗಬಹುದು. ಎರಡು ಬಾಗಿಲಿಗೆ ನಾಲ್ಕು ನಿಲುವುಪಟ್ಟಿ. ಚಳಿಗಾಲದ ಒಣಹವೆ ಮುಗಿಯುವ ಹೊತ್ತಿಗೆ ಎಲ್ಲ ಸೇರಿ ಎರಡು ಮಿ.ಮೀ. ಜಾಗ ತಾನಾಗಿ ಬಿಡುಗಡೆಯಾಗುತ್ತದೆ. ಇವತ್ತು ಹಿತವಾಗಿ ಕೂರಲಿ ಎಂದು ಕೆತ್ತಿ ತೆಗೆದದ್ದೆಲ್ಲ ಆಗ ಸಂದಾಗಿ ಬಾಯಿ ತೆರೆಯುತ್ತದೆ. ತೆಗೆದ ಮರವನ್ನು ವಾಪಸ್ ಅಂಟಿಸಲಾಗದು.

ಬಾಗಿಲು ಜೋತುಬಿದ್ದದ್ದು ಮೇಲಿನ ಹಿಂಜು ಸಡಿಲವಾಗಿ. ಇಡೀ ಬಾಗಿಲಿನ ಭಾರ ಮೇಲಿನ ಹಿಂಜನ್ನು ಚೌಕಟ್ಟಿನಿಂದ ಕಿತ್ತುಕೊಳ್ಳಲು ಎಳೆಯುತ್ತಿರುತ್ತದೆ, ಕೆಳಗಿನದನ್ನು ಚೌಕಟ್ಟಿನೊಳಕ್ಕೆ ಒತ್ತುತ್ತಿರುತ್ತದೆ. ಸ್ಕ್ರೂಗಳ ತಲೆಯ ಸೀಳು ಬಣ್ಣದಿಂದ ಮುಚ್ಚಿಹೋಗಿತ್ತು. ಹಳೆಯ ಚಾಕುವಿನ ತುದಿಯಿಂದ ಕೆರೆದು, ಸ್ಕ್ರೂ ಡ್ರೈವರನ್ನು ಇಟ್ಟು ಮೇಲಿಂದ ಎರಡು ಪೆಟ್ಟು ಮೆಲ್ಲಗೆ ಕೊಟ್ಟ ಮೇಲೆ ತಿರುಗಿದವು. ಹಳೆಯ ಬಣ್ಣ ಕೆರೆಯುವಾಗ ಒಂದು ಎಚ್ಚರ: ಅದರಲ್ಲಿ ಸೀಸ ಇರಬಹುದು. ಒಣಗಿದ್ದಾಗ ಉಜ್ಜಿ ದೂಳೆಬ್ಬಿಸಬಾರದು. ನೀರು ಚಿಮುಕಿಸಿ, ಕೆಳಗೆ ಪ್ಲಾಸ್ಟಿಕ್ ಹಾಸಿ, ಮಕ್ಕಳನ್ನು ದೂರ ಇರಿಸಿ, ಒದ್ದೆ ಬಟ್ಟೆಯಲ್ಲಿ ಬಳಿದು ತೆಗೆಯಬೇಕು.

ಹಿಂಜು ಬಿಚ್ಚಿದ ಜಾಗದಲ್ಲಿ ಬಣ್ಣ ಮುಟ್ಟದ ಮರ ಇತ್ತು, ಕಂದುಹೊಂಬಣ್ಣದ್ದು, ಹೊಸದರ ಹಾಗೇ. ಅದರ ಮೇಲೆ ಉಳಿಯಿಂದ ಕೊರೆದ ಎರಡು ಸಣ್ಣ ಗೀರು. ಚೌಕಟ್ಟಿನ ಗುಳಿಯಲ್ಲೂ ಅಂಥವೇ ಎರಡು. ಎಡ ಬಾಗಿಲನ್ನು ಆಮೇಲೆ ಬಿಚ್ಚಿ ನೋಡಿದಾಗ ಅಲ್ಲಿ ಒಂದೊಂದೇ ಗೀರು ಸಿಕ್ಕಿತು. ಯಾವ ಬಾಗಿಲು ಯಾವ ಕಡೆಗೆ ಎಂದು ತಪ್ಪದಿರಲು ಬಡಗಿ ಹಾಕಿಕೊಂಡ ಜೋಡಿ ಗುರುತು. ಆ ಕೈ ಯಾರದೆಂದು ಈಗ ಹೇಳುವವರಿಲ್ಲ. ಗೀರು ಮಾತ್ರ ನೆಟ್ಟಗಿದೆ, ಅಂಚಿನಲ್ಲಿ ಒಂದು ಸಿಬಿರೂ ಎದ್ದಿಲ್ಲ, ಅಷ್ಟು ಹರಿತವಾದ ಉಳಿ. ತುಂಬ ಹೊತ್ತು ನೋಡಿದೆ. ಅದರ ಪಕ್ಕದಲ್ಲಿ ಪೆನ್ಸಿಲಿನಿಂದ ತಿಂಗಳು, ವರ್ಷ, ಮೇಲ್ಮೂಲೆಯ ಸಂದಿನ ಅಳತೆ ಬರೆದಿಟ್ಟೆ. ಮುಂದೆ ಬಿಚ್ಚುವವರಿಗೆ ಬೇಕಾಗುತ್ತದೆ.

ಒಂದು ಸ್ಕ್ರೂ ಯಾವತ್ತೋ ಬಿದ್ದುಹೋಗಿದ್ದ ತೂತಿಗೆ ಮಣ್ಣಿನ ಬಿರಡೆ ಬಿದ್ದಿತ್ತು, ಬೆರಳಿನಿಂದ ಸವರಿದಷ್ಟು ನುಣುಪು. ಮಣ್ಣಿನ ಗೂಡು ಕಟ್ಟುವ ಕಡಜದ ಕೆಲಸ. ಹೀಗೆ ಸಿದ್ಧ ತೂತುಗಳಲ್ಲೇ ಸಂಸಾರ ಹೂಡುವ ಜಾತಿಗಳಿವೆ. ಜೇಡವನ್ನೋ ಕಂಬಳಿಹುಳವನ್ನೋ ಕುಟುಕಿ ಜಡಗೊಳಿಸಿ ಒಳಗಿಟ್ಟು, ಮೊಟ್ಟೆಯಿಟ್ಟು, ಬಾಯಿಗೆ ಮಣ್ಣು ಮೆತ್ತುತ್ತವೆ. ಬಿರಡೆಯ ನಡುವೆ ದುಂಡನೆ ತೂತು ಇದ್ದರೆ ಮರಿ ಹೊರಬಂದು ಹೋಗಿದೆ ಎಂದು ಲೆಕ್ಕ. ಇದರಲ್ಲಿ ಇತ್ತು. ಹಾಗಾಗಿ ನಿಶ್ಚಿಂತೆಯಿಂದ ಶುಚಿ ಮಾಡಿದೆ. ಮುಚ್ಚಿಯೇ ಇದ್ದಿದ್ದರೆ ಆ ತೂತನ್ನು ಬಿಟ್ಟು ಪಕ್ಕದಲ್ಲಿ ಹೊಸದು ಕೊರೆಯುತ್ತಿದ್ದೆ.

ಅಗಲವಾದ ತೂತುಗಳಿಗೆ ಬಿದಿರಿನ ಸೀಳುಗಳನ್ನು ಬಿಳಿ ಅಂಟಿನಲ್ಲಿ ಅದ್ದಿ ಬಿಗಿಯಾಗಿ ತುರುಕಿದೆ. ಅಂಟಿಗೆ ಒಂದು ರಾತ್ರಿ ಪೂರ್ತಿ ಕೊಡಬೇಕು. ತೀರಾ ತಣ್ಣಗಿರುವ ಮರಕ್ಕೆ ಬಿಳಿ ಅಂಟು ಹಿಡಿಯುವುದಿಲ್ಲ, ಸುಣ್ಣದ ಪುಡಿಯಾಗಿ ಉದುರುತ್ತದೆ. ಅದಕ್ಕೇ ಬಿಸಿಲು ಬಿದ್ದು ಮರ ಬೆಚ್ಚಗಾದ ಮೇಲೆ ಕೈಹಾಕಿದ್ದು. ಮರುದಿನ ಸೀಳುಗಳ ತಲೆ ಸಮ ಮಾಡಿ, ಸಣ್ಣ ಬಿಟ್‌ನಲ್ಲಿ ದಾರಿ ಕೊರೆದು, ಸ್ಕ್ರೂಗೆ ಮೇಣದಬತ್ತಿ ಉಜ್ಜಿ ತಿರುಗಿಸಿದೆ. ಹಿತ್ತಾಳೆಯ ಸ್ಕ್ರೂ ಗಟ್ಟಿ ಮರದಲ್ಲಿ ಕುತ್ತಿಗೆ ಮುರಿದುಕೊಳ್ಳುತ್ತದೆ. ಅದೇ ಅಳತೆಯ ಉಕ್ಕಿನ ಸ್ಕ್ರೂವನ್ನು ಮೊದಲು ಒಮ್ಮೆ ಹಾಕಿ ತೆಗೆದು, ಆಮೇಲೆ ಹಿತ್ತಾಳೆಯದನ್ನು ಹಾಕಿದರೆ ಆ ಭಯವಿಲ್ಲ. ಕೆಳಗಿನ ಹಿಂಜಿನ ಹಿಂದೆ ದಪ್ಪ ರಟ್ಟಿನ ಒಂದು ತುಂಡು ಕೊಟ್ಟೆ. ಕೆಳಗೆ ಅಷ್ಟು ಹೊರಕ್ಕೆ ತಳ್ಳಿದರೆ ಚಿಲಕದ ಬದಿ ಮೇಲೇಳುತ್ತದೆ. ಎದ್ದಿತು. ಬಾಗಿಲು ತಾನಾಗಿ ಬಂದು ಚೌಕಟ್ಟಿಗೆ ಕೂತಾಗ ಆದ ಆ ಮೆತ್ತನೆ "ಟಪ್" ಎಂಬ ಸದ್ದನ್ನು ಸುಮ್ಮನೆ ಮತ್ತೆ ಮತ್ತೆ ಕೇಳಿದೆ.

ಇಷ್ಟಾದ ಮೇಲೂ ಒಂದು ಕಡೆ ತಾಗುತ್ತಿತ್ತು. ಚೌಕಟ್ಟಿನ ಅಂಚಿಗೆ ಬಣ್ಣದ ಸೀಮೆಸುಣ್ಣ ಬಳಿದು ಬಾಗಿಲು ಮುಚ್ಚಿ ತೆರೆದರೆ, ತಾಗುವ ಜಾಗಕ್ಕೆ ಮಾತ್ರ ಬಣ್ಣ ಹತ್ತಿಕೊಳ್ಳುತ್ತದೆ. ಹತ್ತಿದ್ದು ಹೆಬ್ಬೆರಳಿನಷ್ಟು ಉದ್ದಕ್ಕೆ. ಅಷ್ಟಕ್ಕೆ ಮಾತ್ರ ಕೀಸುಳಿ ಆಡಿಸಿದೆ. ಕಾಗದಕ್ಕಿಂತ ತೆಳುವಾದ ಸುರುಳಿಗಳು ಎದ್ದವು, ಅವುಗಳ ಜೊತೆ ಹಳೆಯ ಮರದ ಎಣ್ಣೆಯ ಘಮ. ಕೆಳಗೆ ಬಿದ್ದ ಸುರುಳಿಗಳನ್ನು ಗುಡಿಸಲು ಮನಸ್ಸಾಗದೆ ಒಂದು ಬಟ್ಟಲಲ್ಲಿ ತುಂಬಿ ಕಪಾಟಿನಲ್ಲಿಟ್ಟೆ. ಈಗ ಕಪಾಟು ತೆರೆದಾಗಲೆಲ್ಲ ಅದೇ ವಾಸನೆ.

ಸಂದಿಗೆ ಉಣ್ಣೆ

ಮುಂದೆ ಕುಗ್ಗಲಿರುವ ಮರಕ್ಕೆ ಹಿಗ್ಗಿ ಕುಗ್ಗುವ ಪಟ್ಟಿಯೇ ಬೇಕು. ಅಂಗಡಿಯಲ್ಲಿ ಸಿಗುವ ಸ್ಪಂಜಿನ ಪಟ್ಟಿ ಹಚ್ಚುವುದು ಸುಲಭ, ಆದರೆ ಒತ್ತಿ ಒತ್ತಿ ಒಮ್ಮೆ ಚಪ್ಪಟೆಯಾದರೆ ಮತ್ತೆ ಏಳುವುದಿಲ್ಲ. ರಬ್ಬರಿನ ಪಟ್ಟಿ ಬಾಳಿಕೆ ಬರುತ್ತದೆ, ಆದರೆ ಈ ಕಿಟಕಿಯ ಸಂದು ಒಂದು ಕಡೆ ಕಾಲು ಮಿ.ಮೀ., ಇನ್ನೊಂದು ಕಡೆ ಎರಡು ಮಿ.ಮೀ. ಅಷ್ಟು ವ್ಯತ್ಯಾಸಕ್ಕೆ ಬಾಗಿಲನ್ನು ಗುದ್ದಿ ಮುಚ್ಚಬೇಕಾಗುತ್ತದೆ. ನನಗೆ ಬೇಕಿದ್ದದ್ದು ಉಣ್ಣೆಯ ಫೆಲ್ಟ್, ಅಂದರೆ ಎಳೆಗಳು ಒಂದಕ್ಕೊಂದು ಸಿಕ್ಕಿಕೊಂಡು ಗಟ್ಟಿಯಾದ ಉಣ್ಣೆಯ ಹಾಳೆ. ಅದು ಟ್ರಂಕಿನಲ್ಲೇ ಸಿಕ್ಕಿತು.

ಕಂಬಳಿ ತೆಗೆಯಲು ಟ್ರಂಕ್ ತೆರೆದಾಗ ತಳದಲ್ಲಿ ಬೂದುಬಣ್ಣದ ಸ್ವೆಟರ್ ಕಂಡಿತು. ಶುದ್ಧ ಉಣ್ಣೆ, ಆದರೆ ಎದೆಯ ಮೇಲೂ ಬೆನ್ನ ಮೇಲೂ ತೂತು. ಬಟ್ಟೆ ತಿನ್ನುವ ನುಸಿಯ ಪತಂಗ ತಾನು ಏನನ್ನೂ ತಿನ್ನುವುದಿಲ್ಲ. ಅದು ಇಟ್ಟ ಮೊಟ್ಟೆಯಿಂದ ಬರುವ ಮರಿಹುಳ ತಿನ್ನುತ್ತದೆ, ಉಣ್ಣೆಯಲ್ಲಿರುವ ಕೆರಾಟಿನ್ ಅದಕ್ಕೆ ಆಹಾರ. ಕೂದಲು, ಗರಿಗಳಲ್ಲಿರುವುದೂ ಅದೇ. ಬೆವರು, ಕಲೆ ಇರುವ ಜಾಗ ಅದಕ್ಕೆ ಇನ್ನೂ ಪ್ರೀತಿ. ಹಾಗಾಗಿ ಒಗೆಯದೆ ಒಳಗಿಟ್ಟ ಉಣ್ಣೆ ಮೊದಲು ಹೋಗುತ್ತದೆ. ತೂತಿನ ಉಣ್ಣೆಯನ್ನು ಇನ್ಯಾವುದೇ ಕೆಲಸಕ್ಕೆ ಬಳಸುವ ಮುಂಚೆ ಪ್ಲಾಸ್ಟಿಕ್ ಚೀಲದಲ್ಲಿ ಬಿಗಿದು ಡೀಪ್ ಫ್ರೀಜರಿನಲ್ಲಿ, ಮೈನಸ್ 18 ಡಿಗ್ರಿಯಲ್ಲಿ, ಒಂದೆರಡು ವಾರ ಇಡುವುದು ಒಳ್ಳೆಯದು. ನನಗೆ ಅಷ್ಟು ಕಾಯುವ ಅಗತ್ಯ ಬೀಳಲಿಲ್ಲ. ಹೇಗೂ ಬಿಸಿನೀರಿಗೆ ಹಾಕುವವಳಿದ್ದೆ, 60 ಡಿಗ್ರಿಯ ನೀರಿನಲ್ಲಿ ಮೊಟ್ಟೆಯೂ ಉಳಿಯದು, ಹುಳವೂ ಉಳಿಯದು.

ಮೊದಲು ಎರಡೂ ಮುಂಗೈಪಟ್ಟಿಗಳನ್ನು ಕತ್ತರಿಸಿ ಪಕ್ಕಕ್ಕಿಟ್ಟೆ. ಅವುಗಳ ಹಿಗ್ಗುವ ಹೆಣಿಗೆ ಇನ್ನೂ ಗಟ್ಟಿಮುಟ್ಟಾಗಿತ್ತು. ಅವನ್ನು ಬೇರೆಯಾಗಿ ತಣ್ಣೀರಿನಲ್ಲಿ ಒಗೆದು, ಫ್ರೀಜರಿನ ಪಾಳಿ ಮುಗಿಸಿ, ಕತ್ತರಿಸಿದ ಅಂಚಿನ ಕುಣಿಕೆಗಳನ್ನು ದಾರದಲ್ಲಿ ಹಿಡಿದು ಹೊಲಿದರೆ ಮಗಳಿಗೆ ಮಣಿಕಟ್ಟು ಬೆಚ್ಚಗಿಡುವ ಜೋಡಿಯಾಗುತ್ತದೆ. ಬೆರಳು ಬಿಡುವಾಗಿರುತ್ತವೆ, ಬರೆಯುವಾಗ ಅಡ್ಡಿಯಿಲ್ಲ.

ಉಳಿದ ಸ್ವೆಟರನ್ನು ಸಾಬೂನಿನ ಬಿಸಿನೀರಿನಲ್ಲಿ, ಎರಡು ಹಳೆಯ ಟವೆಲ್ ಜೊತೆ ಮೆಷಿನ್ನಿನಲ್ಲಿ ತಿರುಗಲು ಬಿಟ್ಟೆ. ಸಾಮಾನ್ಯವಾಗಿ ಉಣ್ಣೆಗೆ ಏನು ಮಾಡಬಾರದು ಎಂದು ಹೇಳುತ್ತಾರೋ ಅದೆಲ್ಲವನ್ನೂ ಇಲ್ಲಿ ಬೇಕೆಂದೇ ಮಾಡಬೇಕು. ಉಣ್ಣೆಯ ಪ್ರತಿ ಎಳೆಯ ಮೇಲೂ ಮೀನಿನ ಹುರುಪೆಯಂಥ ಪದರಗಳಿವೆ. ಬಿಸಿ, ಸಾಬೂನು, ಕುಲುಕಾಟ ಸೇರಿದಾಗ ಎಳೆಗಳು ಒಂದರೊಳಗೊಂದು ನುಸುಳುತ್ತವೆ, ಹಿಂದಕ್ಕೆ ಬರಲು ಆ ಪದರ ಬಿಡುವುದಿಲ್ಲ. ಹೊರತೆಗೆದಾಗ ಸ್ವೆಟರ್ ಮಗಳಿಗೂ ಸಾಲದಷ್ಟು ಚಿಕ್ಕದಾಗಿತ್ತು, ಹೆಣಿಗೆಯ ಗುರುತೇ ಇಲ್ಲ, ಸುಮಾರು ನಾಲ್ಕು ಮಿ.ಮೀ. ದಪ್ಪದ ಗಟ್ಟಿ ಹಾಳೆ. ಕತ್ತರಿಸಿದರೆ ದಾರ ಬಿಚ್ಚುವುದಿಲ್ಲ. ಲೇಬಲ್ಲಿನಲ್ಲಿ ಮೆಷಿನ್‌ನಲ್ಲಿ ಒಗೆಯಬಹುದು ಎಂದು ಬರೆದಿದ್ದರೆ ಈ ಪ್ರಯೋಗಕ್ಕೆ ಇಳಿಯಬೇಡಿ, ಅಂಥ ಉಣ್ಣೆಯ ಪದರಗಳನ್ನು ಮೊದಲೇ ಸವೆಸಿಯೋ ಮುಚ್ಚಿಯೋ ಇಟ್ಟಿರುತ್ತಾರೆ.

ಒಣಗಿದ ಮೇಲೆ 12 ಮಿ.ಮೀ. ಅಗಲದ ಪಟ್ಟಿಗಳಾಗಿ ಕತ್ತರಿಸಿ, ಬಾಗಿಲು ಮುಚ್ಚಿದಾಗ ಬಂದು ಒರಗುವ ಚೌಕಟ್ಟಿನ ಒಳ ಅಂಚಿಗೆ ಬಿಳಿ ಅಂಟು ಹಚ್ಚಿ ಕೂರಿಸಿದೆ. ಮೂಲೆಗಳಿಗೆ ಸಣ್ಣ ಹಿತ್ತಾಳೆ ಮೊಳೆ. ಆ ಜಾಗಕ್ಕೆ ಮಳೆ ತಾಗುವುದಿಲ್ಲ, ಬಾಗಿಲೇ ಮರೆ. ಹೊರಗಡೆ ಉಣ್ಣೆ ಹಚ್ಚಿದರೆ ನೀರು ಹಿಡಿದು ಮರವನ್ನೇ ಕೊಳೆಸುತ್ತದೆ. ತನ್ನ ತೂಕದ ಶೇ. 30ರಷ್ಟು ನೀರಾವಿ ಹೀರಿಕೊಂಡರೂ ಉಣ್ಣೆ ಮುಟ್ಟಿದರೆ ಒದ್ದೆ ಅನ್ನಿಸುವುದಿಲ್ಲ, ಗುಣವೂ ಅದೇ, ಅಪಾಯವೂ ಅದೇ. ಸಂದು ಹೆಚ್ಚಿದ್ದ ಮೇಲ್ಮೂಲೆಗೆ ದಪ್ಪನೆಯ ತುಂಡು, ಬಿಗಿಯಾಗಿದ್ದ ಕೆಳಗಡೆಗೆ ತೋಳಿನ ಭಾಗದ ತೆಳು ತುಂಡು. ಒಂದೇ ಸ್ವೆಟರಿನಲ್ಲಿ ಇಷ್ಟು ಬಗೆಯ ದಪ್ಪ ಸಿಗುವುದು ಯಾವ ಅಂಗಡಿಯ ಸುರುಳಿಯಲ್ಲೂ ಇಲ್ಲ.

ಪುಟ್ಟಿ

ಬಲ ಬಾಗಿಲಿನ ಗಾಜಿನ ಕೆಳ ಅಂಚಿನ ಪುಟ್ಟಿ ಪುಡಿಪುಡಿಯಾಗಿ ಉದುರಿತ್ತು. ಗಾಜು ತೆಗೆಯಲಿಲ್ಲ. ಸಡಿಲವಾದದ್ದನ್ನಷ್ಟೇ ಕೆರೆದು, ಬರಿ ಮರಕ್ಕೆ ಅಗಸೆ ಎಣ್ಣೆ ಒಂದು ಕೈ ಹಚ್ಚಿದೆ. ಇಲ್ಲದಿದ್ದರೆ ಒಣಮರ ಪುಟ್ಟಿಯೊಳಗಿನ ಎಣ್ಣೆಯನ್ನು ಕುಡಿದು ಅದನ್ನು ಮತ್ತೆ ಪುಡಿ ಮಾಡುತ್ತದೆ. ಸೀಮೆಸುಣ್ಣದ ನುಣ್ಣನೆ ಪುಡಿಗೆ ಅಗಸೆ ಎಣ್ಣೆ ಸ್ವಲ್ಪ ಸ್ವಲ್ಪವೇ ಬೆರೆಸಿ ನಾದಿದರೆ ಪುಟ್ಟಿ ಸಿದ್ಧ. ಚಳಿಯಲ್ಲಿ ಮೊದಲು ಕಲ್ಲಿನ ಹಾಗೆ ಬಿರುಸಾಗಿರುತ್ತದೆ. ಕೈಯ ಬಿಸಿ ಏರಿದ ಹಾಗೆ ಸೋಲುತ್ತದೆ, ನಾದುವ ಕೈಯೂ ಜೊತೆಗೇ ಬೆಚ್ಚಗಾಗುತ್ತದೆ. ಮರಗಟ್ಟಿದ್ದ ಬೆರಳ ತುದಿಗೆ ರಕ್ತ ಹರಿದು ಬರುವುದು ಗೊತ್ತಾಗುತ್ತಿತ್ತು. ಚಾಕುವನ್ನು ಓರೆಯಾಗಿ ಹಿಡಿದು ಒಂದೇ ಎಳೆತಕ್ಕೆ ಇಳಿಜಾರು ಅಂಚು ಎಳೆದೆ.

ಅಗಸೆ ಎಣ್ಣೆ ಒರೆಸಿದ ಬಟ್ಟೆಯ ವಿಷಯದಲ್ಲಿ ಉದಾಸೀನ ಸಲ್ಲದು. ಈ ಎಣ್ಣೆ ಗಾಳಿಯ ಆಮ್ಲಜನಕ ಹೀರಿಕೊಂಡು ಗಟ್ಟಿಯಾಗುತ್ತದೆ, ಆಗ ಶಾಖ ಹುಟ್ಟುತ್ತದೆ. ಮುದ್ದೆ ಮಾಡಿ ಮೂಲೆಗೆ ಎಸೆದ ಬಟ್ಟೆಯಲ್ಲಿ ಆ ಶಾಖಕ್ಕೆ ಹೊರದಾರಿ ಇಲ್ಲದೆ ತಾನಾಗಿ ಬೆಂಕಿ ಹತ್ತಿಕೊಳ್ಳಬಹುದು. ಬಿಡಿಸಿ ಹೊರಗೆ ಹರವಿ ಒಣಗಿಸಬೇಕು, ಇಲ್ಲವೇ ನೀರಲ್ಲಿ ಮುಳುಗಿಸಿಡಬೇಕು.

ಬಟ್ಟೆ ಹರವಲು ಹೊರಗೆ ಹೋದಾಗ ಹುಲ್ಲಿನ ತುದಿಯಿಂದ ತುದಿಗೆ ಹಾಯ್ದ ನೂರಾರು ಎಳೆಗಳು ಬಿಸಿಲಿಗೆ ಹೊಳೆಯುತ್ತಿದ್ದವು. ಎಳೆಯ ಜೇಡಗಳು ಶರತ್ಕಾಲದ ಇಂಥ ತಿಳಿಹಗಲಲ್ಲಿ ಎತ್ತರದ ತುದಿ ಹತ್ತಿ, ಹೊಟ್ಟೆ ಮೇಲೆತ್ತಿ, ನೂಲು ಬಿಟ್ಟು ಗಾಳಿಯಲ್ಲಿ ತೇಲಿಹೋಗುತ್ತವೆ. ಅವು ಬಿಟ್ಟುಹೋದ ನೂಲು ಅದು. ಸೂರ್ಯನ ಕಡೆಗೆ ಮುಖ ಮಾಡಿ ಕುಕ್ಕರಗಾಲಲ್ಲಿ ಕೂತರೆ ಮಾತ್ರ ಕಾಣುತ್ತದೆ, ನಿಂತರೆ ಇಲ್ಲ. ಸಂಜೆಗೆ ಒಂದೂ ಇರಲಿಲ್ಲ.

ಈ ದಿನಗಳ ಇನ್ನೊಂದು ಲಾಭ ಮಧ್ಯಾಹ್ನದ ಬಿಸಿಲು. ಸೂರ್ಯ ಕೆಳಗಿಳಿದಷ್ಟೂ ಕಿಟಕಿಯ ಬಿಸಿಲು ಕೋಣೆಯೊಳಕ್ಕೆ ಉದ್ದವಾಗುತ್ತದೆ. 45 ಡಿಗ್ರಿ ಅಕ್ಷಾಂಶದಲ್ಲಿ ಸೂರ್ಯನಿಗೆ ಮುಖ ಮಾಡಿದ ಕಿಟಕಿಯ ಮೇಲಂಚು ನೆಲದಿಂದ 2 ಮೀಟರ್ ಎತ್ತರದಲ್ಲಿದ್ದರೆ, ನಡುಬೇಸಿಗೆಯ ಮಧ್ಯಾಹ್ನ ಬಿಸಿಲು 80 ಸೆಂ.ಮೀ. ಒಳಗೆ ಬರುತ್ತದೆ, ಹಗಲು ರಾತ್ರಿ ಸಮನಾಗುವ ವಿಷುವ ದಿನದಂದು ಪೂರ್ತಿ 2 ಮೀಟರ್. ನಮ್ಮಲ್ಲೂ ಅದು ಈಗ ಕುರ್ಚಿಯ ಕಾಲು ದಾಟಿದೆ. ಕಿಟಕಿಗೆ ಅಂಟಿಕೊಂಡೇ ಇದ್ದ ಕುರ್ಚಿಯನ್ನು ಹಿಂದಕ್ಕೆ ಸರಿಸಿದರೂ ಮಡಿಲ ತುಂಬ ಬಿಸಿಲು. ಹರಿದದ್ದನ್ನು ಹೊಲಿಯುವ ಕೆಲಸ ಇರುವವರೆಲ್ಲ ಮಧ್ಯಾಹ್ನ ಅಲ್ಲೇ ಸೇರುತ್ತಿದ್ದೇವೆ.

ಪರೀಕ್ಷೆ

ಕಾಗದದ ಪಟ್ಟಿಯನ್ನು ಅಂಚಿಗಿಟ್ಟು ಬಾಗಿಲು ಮುಚ್ಚಿ ಎಳೆದು ನೋಡಿದೆ. ಸುತ್ತಲೂ ಎಲ್ಲೆಡೆ ಹಿಡಿದು ನಿಲ್ಲುತ್ತದೆ, ಜೋರಾಗಿ ಎಳೆದರೆ ಹರಿಯದೆ ಬರುತ್ತದೆ. ಅಷ್ಟು ಒತ್ತಡ ಸಾಕು. ಊದಿನಕಡ್ಡಿಯ ಹೊಗೆ ನಡುಗೆರೆಯ ಕೆಳತುದಿಯಲ್ಲಿ ಮಾತ್ರ ತುಸು ಅಲುಗಾಡುತ್ತದೆ, ಬೇರೆಲ್ಲ ಕಡೆ ನೆಟ್ಟಗೆ. ಕಿಟಕಿಯ ಕಟ್ಟೆಯ ಮೇಲಿಟ್ಟ ಉಷ್ಣಮಾಪಕ ಮುಂಚೆ ಬೆಳಗಿನ ಜಾವ 14 ಡಿಗ್ರಿ ತೋರಿಸುತ್ತಿತ್ತು, ಹೊರಗೆ ಅಷ್ಟೇ ಚಳಿಯಿದ್ದ ಇನ್ನೊಂದು ಬೆಳಿಗ್ಗೆ 17. ಗಾಜಿನ ಮೇಲೆ ಈಗಲೂ ಮಂಜು ಕೂರುತ್ತದೆ, ಕೂರಲೇಬೇಕು, ಒಂದೇ ಪದರದ ಗಾಜಿನ ಹಣೆಬರಹ ಅದು. ಎದ್ದ ತಕ್ಷಣ ಒಣಬಟ್ಟೆಯಲ್ಲಿ ಒರೆಸಿ ಹೊಸ ಪುಟ್ಟಿಯ ಮೇಲೆ ನೀರು ನಿಲ್ಲದ ಹಾಗೆ ನೋಡಿಕೊಳ್ಳುತ್ತಿದ್ದೇನೆ. ರೈಲಿನ ಸದ್ದು ಒಳಗೆ ಕೇಳಿಸುವುದು ನಿಂತಿತು. ಅದು ಬೇಕೆನಿಸಿದ ರಾತ್ರಿ ಮಗಳೂ ನಾನೂ ಜೀರುಂಡೆ ಎಣಿಸುವ ನೆಪದಲ್ಲಿ ಹೊರಗೆ ಹೋಗುತ್ತೇವೆ.

ಮೇಲಿನ ಗವಾಕ್ಷಿಯನ್ನು ಮುಟ್ಟಿಲ್ಲ, ಮುಟ್ಟುವುದೂ ಇಲ್ಲ. ಕೋಣೆಗೆ ಉಸಿರಾಡಲು ಒಂದು ದಾರಿ ಬೇಕು. ಇದ್ದಿಲು, ಸೀಮೆಎಣ್ಣೆ, ಗ್ಯಾಸ್ ಉರಿಸಿ ಬೆಚ್ಚಗೆ ಮಾಡಿಕೊಳ್ಳುವ ಕೋಣೆಯಾದರೆ ಕಿಟಕಿಯ ಸಂದು ಮುಚ್ಚುವ ಮುಂಚೆ ಗಾಳಿಯ ಬೇರೆ ದಾರಿ ಖಾತ್ರಿ ಮಾಡಿಕೊಳ್ಳಲೇಬೇಕು. ಕಾರ್ಬನ್ ಮಾನಾಕ್ಸೈಡಿಗೆ ವಾಸನೆಯಿಲ್ಲ, ಬಣ್ಣವಿಲ್ಲ, ನಿದ್ದೆಯಲ್ಲೇ ಜೀವ ತೆಗೆಯುತ್ತದೆ. ಕೆಂಡದ ಬಾಣಲೆಯನ್ನಂತೂ ಮುಚ್ಚಿದ ಕೋಣೆಯೊಳಗೆ ಯಾವ ಕಾರಣಕ್ಕೂ ತರಬಾರದು. ನಮ್ಮ ಕೋಣೆಯಲ್ಲಿ ಅಂಥದ್ದೇನೂ ಉರಿಯುವುದಿಲ್ಲ, ಆದರೂ ಮಧ್ಯಾಹ್ನ ಎರಡೂ ಬಾಗಿಲು ಹಾರುಹೊಡೆದು ಸ್ವಲ್ಪ ಹೊತ್ತು ಬಿಡುತ್ತೇವೆ.

ಬಾಕಿ ಇರುವುದು: ಪುಟ್ಟಿಯ ಮೇಲೆ ಕೆನೆ ಕಟ್ಟಿದ ಮೇಲೆ ಬಣ್ಣ. ಈ ಚಳಿಗೆ ಅದು ಎರಡು ಮೂರು ವಾರ ತೆಗೆದುಕೊಳ್ಳಬಹುದು, ಬೆರಳು ಒತ್ತಿದರೆ ಗುರುತು ಬೀಳದಿದ್ದರೆ ಸಿದ್ಧ. ಬಣ್ಣ ಪುಟ್ಟಿಯ ಅಂಚಿಗೇ ನಿಲ್ಲದೆ ಎರಡು ಮಿ.ಮೀ. ಗಾಜಿನ ಮೇಲೂ ಹಾಯಬೇಕು, ಆಗಲೇ ಗಾಜಿಗೂ ಪುಟ್ಟಿಗೂ ನಡುವೆ ನೀರು ಇಳಿಯದು. ನಡುಗೆರೆಯ ಕೆಳತುದಿಯ ಸಂದನ್ನು ಮರ ಪೂರ್ತಿ ಒಣಗಿದ ತಿಂಗಳುಗಳಲ್ಲಿ ಅಳೆದು, ಬೇಕಿದ್ದರೆ ಇನ್ನೊಂದು ಪದರ ಫೆಲ್ಟ್ ಕೊಡುತ್ತೇನೆ. ಸ್ವೆಟರಿನ ಬೆನ್ನಿನ ಭಾಗ ಇನ್ನೂ ಉಳಿದಿದೆ. ಹಿತ್ತಲ ಬಾಗಿಲಿನ ಅಡಿಯಲ್ಲಿ ಎರಡು ಕಾರ್ಡು ತೂರುತ್ತವೆ ಎಂದು ಮಗಳು ಆಗಲೇ ಅಳೆದು ಹೇಳಿದ್ದಾಳೆ.